ಕ್ಯಾನ್ವಾಸ್ ಬಾಗಿಲಿನ ಮಿಲಿಟರಿ ಲಾರಿ

ಅವರ ಎಡಗಿವಿಗೆ ಅಂಚೇ ಇರಲಿಲ್ಲ, ಹಿಮ ತಿಂದುಹಾಕಿತ್ತು. ಕಡೂರಿನ ಬಿಸಿಲಲ್ಲಿ ಬೆಳೆದ ನಮಗೆ ಹಿಮ ಕಿವಿ ತಿನ್ನುತ್ತದೆಂದು ಗೊತ್ತಾದದ್ದೇ ಅವರಿಂದ. ಪಟಾಲಮ್ಮಿನಲ್ಲಿ ಡ್ರೈವರಾಗಿದ್ದು ಪಿಂಚಣಿ ಪಡೆದು ಬಂದ ಆ ಪಕ್ಕದ ಮನೆಯವರನ್ನು ಬೀದಿಯವರೆಲ್ಲ ಮಿಲಿಟರಿ ಮಾವ ಎನ್ನುತ್ತಿದ್ದೆವು. ಮಾತು ಕಡಿಮೆ. ಹೊಗಳಿದರೂ ಬೈದರೂ "ಇರ್ಲಿ ಬಿಡ್ರೀ" ಅಷ್ಟೇ.

ಎಪ್ಪತ್ತರ ದಶಕದ ಕೊನೆಯಲ್ಲಿ, ತರೀಕೆರೆಯ ಮರದ ಡಿಪೋ ಹಿಂದೆ ತುಕ್ಕು ಹಿಡಿದು ನಿಂತಿದ್ದ ಹಳೇ ಮಿಲಿಟರಿ ಲಾರಿಯೊಂದನ್ನು ಎಳೆಸಿಕೊಂಡು ಬಂದರು. ತಾವು ಓಡಿಸುತ್ತಿದ್ದ ಮಾದರಿಯೇ. ಎಂಜಿನ್ ಬೇಗ ಸರಿಹೋಯಿತು. ಆಮೇಲಿನ ಕೆಲಸವೇ ವರ್ಷಗಟ್ಟಲೆ ಹಿಡಿಯಿತು. ಹೆಡ್‌ಲೈಟಿಗೆ ಕಪ್ಪು ಮುಸುಕು, ಪಕ್ಕದಲ್ಲಿ ಸಲಿಕೆ ಸಿಕ್ಕಿಸುವ ಕೊಂಡಿ, ಪೆಟ್ರೋಲ್ ಡಬ್ಬಿಯ ಚೌಕಟ್ಟು, ಎಲ್ಲವೂ ಆ ಕಾಲದ್ದೇ ಆಗಬೇಕು, ಇದ್ದ ಜಾಗದಲ್ಲೇ ಕೂರಬೇಕು. ಅವರ ಅಳಿಯ ಹೊಸ ಕನ್ನಡಿ ತಂದಾಗ, "ಆಗ ಇಂಥದ್ದು ಇರ್ಲಿಲ್ಲ ಕಣಪ್ಪಾ" ಎಂದು ವಾಪಸು ಕೊಟ್ಟರು.

ಬಾಗಿಲಿಗೆ ಗಾಜಿರಲಿಲ್ಲ, ಕ್ಯಾನ್ವಾಸ್ ಪರದೆ. ಮನೆಯಲ್ಲಿ ಹೊಲಿಗೆ ಹಾಕುತ್ತಿದ್ದ ನನಗೆ ಆ ಕೆಲಸ ಬಂತು. ಅಂಚಿಗೆ ಗುಂಡಿ ಇಟ್ಟು ಬಿಗಿಯಾಗಿ ಹೊಲಿದುಕೊಟ್ಟೆ. ಮಾವ ನೋಡಿದವರೇ ಬಿಚ್ಚಿಸಿದರು.

"ಗುಂಡಿ ಬ್ಯಾಡ ಕಣಮ್ಮಾ, ದಾರದಲ್ಲಿ ಕಟ್ಟೋದು. ಸಂದೀಲಿ ಗಾಳಿ ಬರ್ಬೇಕು."

"ಗಾಳಿ ಬಂದ್ರೆ ಪರದೆ ಯಾಕೆ ಮಾವ?"

ಆಗ ಹೇಳಿದರು. ಗಡಿಯ ಹಿಮದಲ್ಲಿ ಲಾರಿ ಹೂತುಕೊಂಡಾಗ, ಪಕ್ಕದ ಸೀಟಿನಲ್ಲಿದ್ದ ಗೆಳೆಯ, ನಮ್ಮ ಚೌಳಹಿರಿಯೂರಿನವನೇ, ಬೆಳಗಾಗುವಷ್ಟರಲ್ಲಿ ಸತ್ತಿದ್ದ. ಅವನ ಟ್ರಂಕನ್ನು ಊರಿಗೆ ಮುಟ್ಟಿಸಲು ಹೋದಾಗ ಅವನ ಹೆಂಡತಿ, "ಎಲ್ಲಿ ಕೂತಿದ್ರು? ಹೆಂಗೆ ಹೋದ್ರು?" ಎಂದು ಕೇಳಿದ್ದಳು. ಇವರು ಒಂದಿನ ತೋರಿಸ್ತೀನಿ ಎಂದಷ್ಟೇ ಹೇಳಿ ಬಂದಿದ್ದರು.

ಲಾರಿ ಮುಗಿದ ಮೇಲೆ ಆಕೆಯನ್ನು ಕರೆಸಿದರು. ಆಕೆ ಗಂಡನ ಸೀಟಿನಲ್ಲಿ ಕೂತು ಒಂದೊಂದನ್ನೂ ಮುಟ್ಟಿ ನೋಡಿದಳು.

"ಕಾಲು ಚಾಚಕ್ಕೇ ಆಗಲ್ವಲ್ಲ."

"ಅಲ್ಲಿ ಸ್ಪ್ಯಾನರ್ ಪೆಟ್ಟಿಗೆ ಇರ್ತಿತ್ತು ಕಣಮ್ಮ. ಮಂಡಿ ಮಡಚ್ಕಂಡೇ ಇದ್ದ."

"ಚಳಿ?"

ಮಾವ ಪರದೆಯ ಅಂಚು ಹಿಡಿದುಕೊಂಡರು. "ತಡಿಯಕ್ಕಾಗ್ತಿರ್ಲಿಲ್ಲ. ನಡುಗ್ತಾ ನಿನ್ನ ಹೆಸ್ರು ಹೇಳ್ತಿದ್ದ. ಆಮೇಲೆ ಅದೂ ನಿಂತ್ಹೋಯ್ತು."

ಇದನ್ನೆಲ್ಲ ಯಾಕಾದರೂ ಹೇಳಿದರೋ ಎಂದುಕೊಂಡೆ. ಆಕೆ ಪರದೆ ಕಟ್ಟಿಸಿಕೊಂಡು ಒಳಗೇ ಬಹಳ ಹೊತ್ತು ಅತ್ತಳು. ಇಳಿದು ಬಂದವಳು ಮಾವನಿಗೆ ಕೈ ಮುಗಿದಳು. "ಏನೂ ನೋವಾಗ್ಲಿಲ್ಲ, ಪುಣ್ಯವಂತ ಅಂತ ಎಲ್ರೂ ಹೇಳಿ ಹೇಳಿ, ನಂಗೆ ಸರ್ಯಾಗಿ ಅಳಕ್ಕೂ ಬಿಡ್ಲಿಲ್ಲ ಕಣ್ರೀ."

ಎಂಬತ್ತರ ದಶಕದ ನಡುವಿನಲ್ಲಿ ಮಾವ ಉಬ್ಬಸದಿಂದ ಹಾಸಿಗೆ ಹಿಡಿದರು. ಕೊನೆಯ ದಿನ ನಾನೂ ಹತ್ತಿರದಲ್ಲಿದ್ದೆ. ಆಕೆ ಚೌಳಹಿರಿಯೂರಿನಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. "ದೀಪ ಆರ್ದಂಗೆ ಹೋದ್ರಮ್ಮ, ಒಂಚೂರೂ ಕಷ್ಟ ಆಗ್ಲಿಲ್ಲ" ಎಂದ ಅಳಿಯ. ಆಕೆ ನನ್ನ ಮುಖ ನೋಡಿದಳು.

ಆಕೆಯ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದೆ. ಒಂದೊಂದು ಉಸಿರಿಗೂ ಮಾವ ಪಟ್ಟ ಪಾಡನ್ನು, ಏನೂ ಬಿಡದೆ ಹೇಳಿದೆ.