ಕದ್ದು ನೆಟ್ಟ ಡೇರೆ

ಕರಿಬಸಮ್ಮ ಯಾರ ಮನೆಯ ಚಮಚವನ್ನೂ ಮುಟ್ಟಿದವಳಲ್ಲ. ಹೂವಿನ ಗಿಡದ ವಿಷಯ ಮಾತ್ರ ಬೇರೆ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ ಕಾಲದಲ್ಲೇ ಅವಳಿಗೆ ಈ ಚಟ ಅಂಟಿತ್ತು. ಕೇಳಿ ತಂದ ಗಿಡ ಸೊರಗುತ್ತದೆ, ಕದ್ದು ತಂದದ್ದೇ ಚೆನ್ನಾಗಿ ಚಿಗುರುತ್ತದೆ ಎಂದು ಅಲ್ಲಿನ ಹೆಂಗಸರೆಲ್ಲ ನಂಬಿದ್ದರು. ಮಳೆ ಹಿಡಿಯುತ್ತಲೇ ಒಬ್ಬರ ದಾಸವಾಳ ಇನ್ನೊಬ್ಬರ ಅಂಗಳ ಸೇರುತ್ತಿತ್ತು. ಕಳೆದುಕೊಂಡವರಿಗೆ ಗೊತ್ತಾದರೂ ಬಾಯಿ ಬಿಡುತ್ತಿರಲಿಲ್ಲ. ಅವರ ಅಂಗಳದಲ್ಲಿದ್ದದ್ದೂ ಅಂಥದ್ದೇ ತಾನೆ.

ಗಂಡ ಪರಮೇಶ್ ನಿವೃತ್ತನಾದ ಮೇಲೆ ಇಬ್ಬರೂ ಶಿವಮೊಗ್ಗದ ಹೊಸಮನೆ ಬಡಾವಣೆಗೆ ಬಂದರು. ಪಕ್ಕದ ಮನೆಯ ವೀರಮ್ಮನಿಗೆ ಪ್ರಾಣಕ್ಕಿಂತ ಹೆಚ್ಚೆಂದರೆ ಕೈತೋಟ, ಆಮೇಲೆ ಕಾಳ ಎಂಬ ನಾಯಿ. ಆ ತೋಟದ ಬಿಳಿ ಅಂಚಿನ ಕೆಂಪು ಡೇರೆ ಹೂವಿನ ಮೇಲೆ ಕರಿಬಸಮ್ಮನ ಕಣ್ಣು ಹೋದ ವರ್ಷವೇ ಬಿದ್ದಿತ್ತು. ಕೇಳಿದ್ದರೆ ವೀರಮ್ಮ ಕೊಟ್ಟೇ ಕೊಡುತ್ತಿದ್ದರು. ಆದರೆ ಕೇಳಬಾರದಲ್ಲ, ಅಲ್ಲೇ ಇದ್ದದ್ದು ತೊಂದರೆ.

ಈ ಸಲ ಮುಂಗಾರು ಶುರುವಾದಾಗ ವೀರಮ್ಮ ಹೊಳಲೂರಿನ ತವರಿಗೆ ಹೋಗಿದ್ದರು. ಕರಿಬಸಮ್ಮ ಹಿತ್ತಲ ಗೇಟು ತೆಗೆದು ಒಳಹೊಕ್ಕಳು. ಕಾಳ ಬೊಗಳಲು ಬಾಯಿ ತೆರೆಯಿತು. ಅರ್ಧ ರೊಟ್ಟಿ ಹಾಕಿದ ಕೂಡಲೇ ಬಾಲ ಅಲ್ಲಾಡಿಸಿತು. ಅವಳು ಬುಡದಿಂದ ಒಂದೇ ಒಂದು ಗೆಡ್ಡೆ ಮುರಿದುಕೊಳ್ಳಬೇಕಿತ್ತು; ಮಳೆಯ ಗಡಿಬಿಡಿಯಲ್ಲಿ ಇಡೀ ಬುಡವೇ ಕಿತ್ತು ಬಂತು. ಅದನ್ನೇ ಸೆರಗಿನಲ್ಲಿ ಮುಚ್ಚಿಕೊಂಡು ಬಂದು ತನ್ನ ಬಚ್ಚಲ ಹಿಂದೆ ನೆಟ್ಟಳು.

ಮಾರನೆಯ ದಿನ ವೀರಮ್ಮ ಊರಿಂದ ಬಂದಿದ್ದರು; ನೋಡಿದರೆ ಕಾಳನ ಕುತ್ತಿಗೆಗೆ ಸರಪಳಿ ಬಿದ್ದಿತ್ತು. ಡೇರೆ ಬುಡವನ್ನೆಲ್ಲ ಕೆದರಿ ಹಾಳು ಮಾಡಿದೆ, ಇನ್ನು ಬಿಟ್ಟರೆ ತೋಟ ಉಳಿಯುವುದಿಲ್ಲ ಎಂದು ವೀರಮ್ಮ ಕಾಂಪೌಂಡಿನ ಆಚೆಯಿಂದ ಹೇಳಿಕೊಂಡರು. ಆಗಲೇ ನಿಜ ಹೇಳಿದ್ದರೆ ನಕ್ಕು ಮುಗಿಯುತ್ತಿತ್ತೋ ಏನೋ. ಕರಿಬಸಮ್ಮ ಮಾತ್ರ, ನಾಯಿಗಳಿಗೆ ಕೆದರುವ ಚಟ ಇದ್ದದ್ದೇ ಎಂದುಬಿಟ್ಟಳು.

ಆ ಮಾತು ಅವಳನ್ನು ಮಳೆಗಾಲವಿಡೀ ಕೊರೆಯಿತು. ಕಾಳ ಹಗಲೆಲ್ಲ ಕಂಬ ಸುತ್ತುತ್ತಿತ್ತು. ಅವಳನ್ನು ಕಂಡರೆ ಸಾಕು, ಬಾಲ ಅಲ್ಲಾಡಿಸುತ್ತಿತ್ತು. ಬೊಗಳಿದ್ದರೆ ಎಷ್ಟೋ ವಾಸಿಯಿತ್ತು. ಶ್ರಾವಣದಲ್ಲಿ ಬಚ್ಚಲ ಹಿಂದಿನ ಡೇರೆ ಅಂಗೈಯಗಲ ಅರಳಿತು. ಅದನ್ನು ಮುಡಿಯುವುದಿರಲಿ, ದೇವರಿಗೆ ಏರಿಸಲೂ ಅವಳಿಗೆ ಧೈರ್ಯ ಬರಲಿಲ್ಲ. ತನ್ನ ಮೇಲೇ ಅಸಹ್ಯವಾಯಿತು.

ಕೊನೆಗೆ ಗಂಡನಿಗೆ ಎಲ್ಲ ಹೇಳಿದಳು. ಯಾರೂ ಇಲ್ಲದಾಗ ಗಿಡವನ್ನು ಅಲ್ಲೇ ನೆಟ್ಟು ಬಾ ಎಂದ ಪರಮೇಶ್. ಅವಳು ಒಪ್ಪಲಿಲ್ಲ. ಗಿಡ ವಾಪಸಾದೀತು, ನಾಯಿಯ ಮೇಲಿನ ಅಪವಾದ ಹೋಗಬೇಕಲ್ಲ.

ಜೋರು ಮಳೆಯ ಒಂದು ಮಧ್ಯಾಹ್ನ ಹೂವಿನ ಸಮೇತ ಗಿಡವನ್ನು ಮಣ್ಣೊಡನೆ ಬಕೆಟ್ಟಿಗೆ ಹಾಕಿಕೊಂಡು, ಈ ಸಲ ಮುಂದಿನ ಗೇಟಿನಿಂದಲೇ ಹೋದಳು. ವೀರಮ್ಮ ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದರು.

“ಅಕ್ಕಾ, ಡೇರೆ ಕಿತ್ತಿದ್ದು ಕಾಳ ಅಲ್ಲ, ನಾನು. ಗೊತ್ತಿದ್ದೂ ಸುಮ್ನಿದ್ದೆ.”

ವೀರಮ್ಮ ಹೂವನ್ನು ನೋಡಿದರು, ಅವಳನ್ನು ನೋಡಿದರು. ಬೈಗುಳಕ್ಕೆ ಕಾಯುತ್ತಾ ಕರಿಬಸಮ್ಮ ತಲೆ ಬಗ್ಗಿಸಿ ನಿಂತಿದ್ದಳು.

“ಗಿಡದ್ ಮನೆ ಹಾಳಾಗ್ಲಿ ಮಾರಾಯ್ತಿ,” ಎಂದರು ವೀರಮ್ಮ. “ಅವತ್ತು ಕಾಳಂಗೆ ಕೋಲು ತಗೊಂಡು ಹೊಡೆದ್ನಲ್ಲೇ ನಾನು.”

ಅವರು ಎದ್ದು ಹೋಗಿ ಕಾಳನ ಸರಪಳಿ ಬಿಚ್ಚಿದರು. ಅದು ಮಳೆಯಲ್ಲೇ ತೋಟದ ಕಡೆ ಓಡಿತು. ಸರಪಳಿ ಎಲ್ಲಿಯವರೆಗೆ ಎಟುಕುತ್ತಿತ್ತೋ ಅಲ್ಲಿಗೆ ಬಂದು ಗಕ್ಕನೆ ನಿಂತಿತು. ಮುಂದಕ್ಕೆ ಹೋಗೆಂದು ವೀರಮ್ಮ ಎಷ್ಟು ಹೇಳಿದರೂ ಕದಲಲಿಲ್ಲ. ಅಲ್ಲೇ ನೆನೆಯುತ್ತಾ ನಿಂತು, ಕರಿಬಸಮ್ಮನ ಕಡೆ ತಿರುಗಿ ಬಾಲ ಅಲ್ಲಾಡಿಸಿತು.