ಬಾಯಿಬಿಟ್ಟು ಕೇಳುವವರೆಗೆ

ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ದಾರಿಯ ಮದ್ದೂರು ಚೆಕ್‌ಪೋಸ್ಟಿನ ಗೇಟು ಕಾಯುತ್ತಿದ್ದ ಮುದ್ದಯ್ಯನ ಗಂಟಲೆಂದರೆ ಗಂಟಲು. ಅವನು ಒಮ್ಮೆ ಗದರಿದರೆ ಕನ್ನಡ ಬಾರದ ಕೇರಳದ ಲಾರಿಯವರೂ ಬ್ರೇಕ್ ಹಾಕುತ್ತಿದ್ದರು. ಅಂಥ ಗಂಟಲನ್ನು ಲಕ್ವ ಒಂದೇ ಬೆಳಗಿನಲ್ಲಿ ಕಿತ್ತುಕೊಂಡಿತು ನೋಡಿ. ಬಲಗೈ ಹೋಯಿತು, ಮಾತೂ ಹೋಯಿತು.

ಮಗಳು ಭಾನು ಆಗ ಪೋಲೆಂಡಿನ ಒಂದು ಸಣ್ಣ ಊರಿನ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಗುಂಡ್ಲುಪೇಟೆಯ ಹುಡುಗಿ ಬಿಳಿಯರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದೇ ಎಂದು ಬೀದಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟಿದ್ದರು. ಆ ಮಕ್ಕಳ ಭಾಷೆ ಅವಳಿಗೆ ಬಾರದು. ಚಿತ್ರ ತೋರಿಸಬೇಕು, ಹೆಸರು ಹೇಳಬೇಕು, ಕಾಯಬೇಕು. ಚೆಂಡು ಬೇಕಾದ ಮಗು ಬಾಯಿಬಿಟ್ಟು ಕೇಳುವವರೆಗೂ ಚೆಂಡು ಕೊಡಬಾರದು. ಹಾಗೆ ಮಾಡಿಯೇ ಮೂಕಬಸವನಂತೆ ಕೂತಿದ್ದ ಎಷ್ಟೋ ಮಕ್ಕಳನ್ನು ಮಾತಾಡಿಸಿದ್ದಳು.

ರಜೆ ಹಾಕಿ ಓಡಿಬಂದಳು. ಮತ್ತೆ ವಿಮಾನ ಹತ್ತುವುದರೊಳಗೆ ಅಪ್ಪ ಒಂದು ಸಲ ‘ಕೂಸೇ’ ಎಂದು ಕರೆದುಬಿಟ್ಟರೆ ಸಾಕು ಎನ್ನುವುದೊಂದೇ ಅವಳ ಆಸೆ. ಮೈಸೂರಿನ ಡಾಕ್ಟರು, ಮಾತು ಬಂದರೂ ಬರಬಹುದು, ಮಾತಾಡಿಸುತ್ತಿರಿ ಎಂದಿದ್ದರು. ಅದೇನು ತನಗೆ ಗೊತ್ತಿಲ್ಲದ ಕೆಲಸವೇ ಎಂದು ಭಾನು ರಟ್ಟಿನ ಮೇಲೆ ಹಸು, ಮರ, ತಟ್ಟೆ, ಲೋಟ ಎಲ್ಲದರ ಚಿತ್ರ ಬರೆದು ಅಪ್ಪನ ಮುಂದೆ ಕೂತಳು. ಪಾಪ, ಅಪ್ಪ ತುಟಿಯನ್ನೇನೋ ಅಲ್ಲಾಡಿಸುತ್ತಿದ್ದ, ಸ್ವರ ಮಾತ್ರ ಏಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ನೀರಿನ ಲೋಟದತ್ತ ಎಡಗೈ ಚಾಚಿದ. ಭಾನು ಲೋಟ ಎತ್ತಿಕೊಂಡಳು, ಕೊಡಲಿಲ್ಲ. ನೀರು ಅಂತ ಒಂದು ಸಲ ಹೇಳಪ್ಪ, ಕೊಡುತ್ತೇನೆ ಎಂದು ನಗುನಗುತ್ತಲೇ ಹೇಳಿದಳು. ಅವನ ಬಾಯಿ ಸೊಟ್ಟಗಾಯಿತು, ಕುತ್ತಿಗೆಯ ನರ ಉಬ್ಬಿತು, ಜೊಲ್ಲು ಇಳಿಯಿತು. ಇನ್ನೇನು ಬಂತು ಎಂದು ಇವಳು ಕಾದಳು. ಬಂದದ್ದು ಕಣ್ಣೀರು. ಅಷ್ಟರಲ್ಲಿ ಅಡುಗೆಮನೆಯಿಂದ ಬಂದ ತಾಯಿ ರಾಚಮ್ಮ ಲೋಟ ಕಿತ್ತುಕೊಂಡು ಗಂಡನಿಗೆ ಕುಡಿಸಿದಳು.

“ಬಾಯಾರಿದೋರ್ಗೆ ನೀರ್ ಕೊಡಕ್ಕೂ ಪಾಠ ಒಪ್ಪಿಸ್ಕೋಬೇಕೇನಮ್ಮಿ? ಅವ್ರು ನಿಮ್ಮಪ್ಪ ಕಣಮ್ಮಿ.”

ಅಂದಿನಿಂದ ಭಾನು ರಟ್ಟು ಹಿಡಿದು ಬಂದರೆ ಸಾಕು, ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಎಂಥ ಪಾಪದ ಕೆಲಸ ಮಾಡಿಬಿಟ್ಟೆ ಎಂದುಕೊಂಡಳು. ರಟ್ಟುಗಳನ್ನೆಲ್ಲ ಒಲೆಗೆ ಹಾಕಿದಳು. ಮಾತೂ ಬೇಡ ಏನೂ ಬೇಡ ಎಂದು ಸುಮ್ಮನೆ ಪಕ್ಕದಲ್ಲಿ ಕೂತು, ಅವನು ಕೈ ಎತ್ತುವ ಮೊದಲೇ ನೀರು ಕುಡಿಸುತ್ತಿದ್ದಳು.

ಹೊರಡುವ ದಿನ ಅಳುತ್ತಲೇ ಲೋಟ ಹಿಡಿದಳು. ಅಪ್ಪ ಬಾಯಿ ತೆರೆಯಲಿಲ್ಲ. ಎಡಗೈಯಿಂದ ಲೋಟವನ್ನು ಅವಳ ಕಡೆಗೇ ನೂಕಿದ. ತುಟಿ ಬಹಳ ಹೊತ್ತು ಅದುರಿತು.

“ಕುಡಿ… ಕೂಸೇ.”

ಬಾಯಾರಿಕೆ ಇರದಿದ್ದರೂ ಭಾನು ಒಂದು ತೊಟ್ಟೂ ಬಿಡದೆ ಕುಡಿದಳು.

ಮುದ್ದಯ್ಯ ಮತ್ತೆ ಮಾತಾಡಲಿಲ್ಲ. ಮುಂದಿನ ವಾರ ಜೀವ ಹೋಗುವಾಗ ಬಾಯಿಗೆ ನೀರು ಬಿಟ್ಟವಳು ರಾಚಮ್ಮ ಒಬ್ಬಳೇ. ಫೋನು ಬಂದಾಗ ಭಾನು ಪೋಲೆಂಡಿನ ತರಗತಿಯಲ್ಲಿ ಚೆಂಡು ಹಿಡಿದು, ಒಂದು ಮಗು ಬಾಯಿಬಿಡಲೆಂದು ಕಾಯುತ್ತಿದ್ದಳು. ಅದು ಇನ್ನೂ ಕೇಳಿರಲಿಲ್ಲ. ಅವಳು ಚೆಂಡು ಕೊಟ್ಟುಬಿಟ್ಟಳು.