ಹಿಂದಕ್ಕೆ ನಡೆಯುವವರ ಬೆನ್ನ ಹಿಂದೆ

ಬೆಳಗಿನ ಐದೂವರೆ. ಮೂಳೆ ವಾರ್ಡಿನ ಉದ್ದನೆಯ ಪಡಸಾಲೆಯಲ್ಲಿ ಅರ್ಧದಷ್ಟು ದೀಪಗಳು ಇನ್ನೂ ಹೊತ್ತಿಲ್ಲ. ಸೊಂಟದ ಕೀಲು ಬದಲಿಸಿಕೊಂಡ ಅಜ್ಜಿಯೊಬ್ಬರು ವಾಕರ್ ಹಿಡಿದು ಮೊದಲ ಹೆಜ್ಜೆ ಇಡುತ್ತಿದ್ದಾರೆ. ಅವರಿಗೆ ಮುಖ ಕೊಟ್ಟು ವಾರ್ಡಿನ ಸಹಾಯಕರೊಬ್ಬರು ಹಿಂದಕ್ಕೆ ನಡೆಯುತ್ತಿದ್ದಾರೆ. "ನೆಲ ನೋಡ್ಬೇಡಿ ಅಮ್ಮ, ನನ್ನ ಮುಖ ನೋಡಿ. ಚೆನ್ನಾಗಿಲ್ಲ, ಆದ್ರೂ ನೋಡಿ."

ಇಪ್ಪತ್ತೆರಡು ವರ್ಷ, ದಿನಕ್ಕೆ ಎಂಟು ಮಂದಿ, ಒಬ್ಬೊಬ್ಬರಿಗೂ ಪಡಸಾಲೆಯುದ್ದ ನಲವತ್ತೆರಡು ಹೆಜ್ಜೆ. ಅಷ್ಟನ್ನೂ ಇವರು ಹಿಂದಕ್ಕೇ ನಡೆದಿದ್ದಾರೆ. ದೆವ್ವದ ಪಾದ ಹಿಂದುಮುಂದು ಇರುತ್ತದಂತೆ. ಅದಕ್ಕೇ ವಾರ್ಡಿನಲ್ಲಿ ಇವರ ಹೆಸರು 'ದೆವ್ವಣ್ಣ'.

ಸರ್ಜನ್ ಸೊಂಟ ಕೊಯ್ದದ್ದು ಮುಂದಿನಿಂದಲೋ ಹಿಂದಿನಿಂದಲೋ ಎಂಬುದನ್ನು ದೆವ್ವಣ್ಣ ಹೆಜ್ಜೆಯ ಸದ್ದಿನಲ್ಲೇ ಹೇಳುತ್ತಾರೆ. "ಮುಂದಿನಿಂದ ಕೊಯ್ಸ್ಕೊಂಡವರು ಸ್ವಲ್ಪ ಬೇಗ ವಾಕರ್ ಬಿಡ್ತಾರೆ, ಆದ್ರೆ ಕೆಲವರಿಗೆ ತೊಡೆ ಜೋಮು ಹಿಡಿಯುತ್ತೆ. ಹಿಂದಿನಿಂದ ಆದವರು ಬಗ್ಗೋವಾಗ, ಕಾಲ್ಮೇಲೆ ಕಾಲು ಹಾಕೋವಾಗ ಹುಷಾರಾಗಿರ್ಬೇಕು, ಕೀಲು ಜಾರಬಹುದು. ಮೂರು ತಿಂಗಳಾದ್ಮೇಲೆ ನೋಡಿ, ಇಬ್ಬರ ನಡಿಗೇನೂ ಹೆಚ್ಚುಕಮ್ಮಿ ಒಂದೇ."

ಇಂಥ ಕಿವಿಗೆ ಕಳೆದ ವರ್ಷದಿಂದ ಒಂದು ಸದ್ದು ಬೆನ್ನುಬಿದ್ದಿದೆ. ವಾರ್ಡು ಏಳುವ ಮುಂಚೆ ಇವರೊಬ್ಬರೇ ಬರುವಾಗ ಹಿಂದೆ ಯಾರೋ ನಡೆಯುತ್ತಾರೆ. ಒಂದು ಗಟ್ಟಿ ಹೆಜ್ಜೆ, ಒಂದು ಎಳೆದ ಹೆಜ್ಜೆ. ನಿಂತರೆ ಅದೂ ನಿಲ್ಲುತ್ತದೆ. ತಿರುಗಿದರೆ ಸಾಲಾಗಿ ನಿಂತ ಖಾಲಿ ವಾಕರ್‌ಗಳು. "ನಮ್ಮ ಕೈಲಿ ನಡೆಯೋದು ಕಲಿತು, ಆಮೇಲೆ ತೀರ್ಕೊಂಡವರು ಯಾರೋ ಇರ್ಬೇಕು ಅಂದ್ಕೊಂಡೆ. ನೆಲ ನೋಡ್ಬೇಡಿ ಅಂತ ಅವರಿಗೂ ಹೇಳ್ತಿದ್ದೆ." ಹೇಳುವಾಗ ಅವರು ನಗುವುದಿಲ್ಲ.

ಗುಟ್ಟು ಒಡೆದವರು ಹಿರಿಯ ನರ್ಸ್. "ಅಣ್ಣಾ, ಅದು ಖಾಲಿ ಪಡಸಾಲೇಲಿ ಮಾರ್ದನಿಸೋ ನಿಮ್ಮದೇ ಹೆಜ್ಜೆ ಅಲ್ವಾ? ನೀವು ಕುಂಟ್ತಿದ್ದೀರಿ." ಎಕ್ಸ್‌ರೇ ತೆಗೆದರೆ ಬಲಸೊಂಟದ ಕೀಲು ಸವೆದುಹೋಗಿದೆ. "ನೋವಿತ್ತು, ವಯಸ್ಸು ಅಂದ್ಕೊಂಡಿದ್ದೆ" ಎನ್ನುತ್ತಾರೆ. ದೀಪದ ಬುಡದಲ್ಲೇ ಕತ್ತಲೆ.

ಸೋಮವಾರ ಆಪರೇಷನ್. ಮುಂದಿನಿಂದಲೋ ಹಿಂದಿನಿಂದಲೋ ಎಂದು ಸರ್ಜನ್ ಇವರನ್ನೇ ಕೇಳಿದ್ದಾರೆ. ಇವರ ಪ್ರಶ್ನೆ ಒಂದೇ: ಯಾವುದಾದರೆ ಹಿಂದಕ್ಕೆ ನಡೆಯಬಹುದು? ಅದು ಆಗದಿದ್ದರೆ ಈ ಕೆಲಸವೇ ಇಲ್ಲ. "ಡಾಕ್ಟ್ರು ಎಲ್ಲಾ ಲೆಕ್ಕ ತೆಗೆದು ನೋಡಿದ್ರು. ಮುಂದಕ್ಕೆ ನಡೆದವರದೇ ಇದೆ. ಹಿಂದಕ್ಕೆ ನಡೆದವರನ್ನ ಯಾರೂ ಎಣಿಸಿಲ್ವಂತೆ."

ಆಪರೇಷನ್ ಮರುದಿನ, ಮಂಗಳವಾರ, ದೆವ್ವಣ್ಣನನ್ನು ನಡೆಸಲು ಅವರ ಹೆಂಡತಿ ಈಗಲೇ ಮನೆಯಲ್ಲಿ ಅಡುಗೆಮನೆಯಿಂದ ಬಾಗಿಲವರೆಗೆ ಹಿಂದಕ್ಕೆ ನಡೆದು ಅಭ್ಯಾಸ ಮಾಡುತ್ತಿದ್ದಾರೆ. ಎರಡು ಸಲ ಗೋಡೆಗೆ ತಲೆ ಬಡಿಸಿಕೊಂಡಿದ್ದೂ ಆಗಿದೆ.

"ಯಾವ ಕಡೆಯಿಂದಾದ್ರೂ ಕೊಯ್ಲಿ. ಈ ನಲವತ್ತೆರಡು ಹೆಜ್ಜೆ ನನಗೆ ವಾಪಸ್ ಸಿಕ್ಕಿದ್ರೆ ಸಾಕು" ಎಂದು ದೆವ್ವಣ್ಣ ಖಾಲಿ ಪಡಸಾಲೆಯತ್ತ ನೋಡುತ್ತಾರೆ. "ಆದ್ರೆ ಕಾಲು ಸರಿಹೋದ್ರೆ ಆ ಸದ್ದು ನಿಂತೋಗುತ್ತೆ. ಬೆಳಗ್ಗೆ ನಾನೊಬ್ಬನೇ ಆಗ್ಬಿಡ್ತೀನಿ."